ಮುಳ್ಳು ಕೆಂಪು ಮುಟ್ಟಿದಾಗ

"ಈ ಎಂಜಿನ್ ಕಟ್ಟಿದ್ದು ಯಾರು?"

ಕಾರಿನ ಬಾಗಿಲು ತೆರೆದು, ಹೆಲ್ಮೆಟ್ ಕೈಯಲ್ಲಿ ಹಿಡಿದು ಆತ ಕೇಳಿದ.

"ನಾನು. ಯಾಕೆ?"

ಆತ ಅವಳನ್ನೇ ನೋಡಿದ. ಹೆಲ್ಮೆಟ್ ತೊಟ್ಟು ಕಾರು ಹತ್ತಿ ಹೊರಟುಬಿಟ್ಟ.

'ಎಂಥಾ ಜಂಬ!' ಎಂದುಕೊಂಡಳು ಅವಳು.

ಅದು ಐಷಾರಾಮಿ ಕಾರು ಕಂಪನಿಯೊಂದರ ವೇಗದ ಕಾರುಗಳ ವಿಭಾಗ. ಅಲ್ಲಿ ಒಂದು ಎಂಜಿನ್ನನ್ನು ಮೊದಲ ಬೋಲ್ಟಿನಿಂದ ಕೊನೆಯದರವರೆಗೆ ಒಬ್ಬರೇ ಕಟ್ಟಬೇಕು. ಹೊಗಳಿಕೆಯೂ ಅವರದೇ, ಬೈಗುಳವೂ ಅವರದೇ. ಇದು ಅವಳು ಕಟ್ಟಿದ ಮೊದಲ ಎಂಜಿನ್. ಪರೀಕ್ಷೆಯಲ್ಲಿ ಸೋತರೆ ಮತ್ತೆ ಬಿಡಿಭಾಗ ಒರೆಸುವ ಮೇಜೇ ಗತಿ.

ಪರೀಕ್ಷಿಸುವ ಚಾಲಕ ಆತ. ಎಲ್ಲರ ಬಾಯಲ್ಲಿ 'ಗಾಳಿಪಟ'. ಯಾವ ಕಾರನ್ನಾದರೂ ಹಿಂಡಿ ಹಿಪ್ಪೆ ಮಾಡಿಯೇ ತರುವವನು, ಅವಳ ಎಂಜಿನ್ ಕೂರಿಸಿದ ಕಾರನ್ನು ಮಾತ್ರ ಮೊಟ್ಟೆಬುಟ್ಟಿ ಹೊತ್ತವನಂತೆ ಓಡಿಸಿದ.

ಆಮೇಲೆ ದಿನವೂ ಅವಳ ಮೇಜಿನ ಬಳಿ ಸುಳಿದು "ಊಟ ಆಯ್ತಾ?" ಅನ್ನುತ್ತಿದ್ದ. ಅವಳಿಗೂ ಅದು ಹಿತವೆನಿಸುತ್ತಿತ್ತು. ಒಪ್ಪಿಕೊಳ್ಳಲು ಬಿಗುಮಾನ, ಅಷ್ಟೇ.

ಒಂದು ದಿನ ವಿಭಾಗದ ಮುಖ್ಯಸ್ಥ ದೊಡ್ಡಯ್ಯ ಕರೆದ.

"ನಿನ್ನ ಎಂಜಿನ್ ವೇಗ ಮೇಲಕ್ಕೇ ಏರ್ತಿಲ್ಲ ಕಣಮ್ಮಾ. ನಾಳೆ ಕೊನೇ ಪರೀಕ್ಷೆ."

ಅವಳು ಕಂಪ್ಯೂಟರಿನ ಪರದೆಯಲ್ಲಿ ಪರೀಕ್ಷೆಯ ಓಟಗಳ ದಾಖಲೆ ನೋಡಿದಳು. ಎಂಜಿನ್ ಸರಿಯಾಗಿಯೇ ಇತ್ತು. ಮೀಟರಿನ ಮುಳ್ಳು ಎಂಜಿನ್ನಿನ ಮಿತಿ ತೋರಿಸುವ ಕೆಂಪು ಗೆರೆ ಸಮೀಪಿಸಿದಾಗಲೆಲ್ಲ ಆತ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ!

'ಬಾಯಿ ಬೆಲ್ಲ, ಕರುಳು ಕತ್ತರಿ...' ಅವಳ ಕಣ್ಣು ತುಂಬಿತು.

ಮರುದಿನ ಕಾರಿನ ಬಳಿಯೇ ಹಿಡಿದು ಕೇಳಿದಳು.

"ಹೆಂಗಸು ಕಟ್ಟಿದ್ದು ಅಂತ ನಂಬಿಕೆ ಇಲ್ವಾ? ಬಾಯಿಬಿಟ್ಟು ಹೇಳಿ!"

"ಅಯ್ಯೋ, ಹಾಗಲ್ಲ..."

"ಮತ್ತೆ?"

ಗಾಳಿಪಟ ನೆಲ ನೋಡಿದ. "ಹೋದ ಸಲ ಒಂದು ಎಂಜಿನ್ ಒಡೆದುಹಾಕಿದೆ. ಕಟ್ಟಿದವನು ಗೋಡೆ ಕಡೆ ತಿರುಗಿ ಅತ್ತ. ನಿಮ್ಮದನ್ನ ಜೋರಾಗಿ ಒತ್ತೋಕೆ ಹೋದ್ರೆ... ನೀವು ಅಳೋದೇ ಕಣ್ಮುಂದೆ ಬರುತ್ತೆ. ಅದನ್ನ ನೋಡೋ ಶಕ್ತಿ ನನಗಿಲ್ಲ."

ಅವಳಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಇಷ್ಟು ದಿನ ತನ್ನ ಕೆಲಸಕ್ಕೆ ಕುತ್ತು ತಂದದ್ದು ಪ್ರೀತಿಯೇ? ಕೋಪ ಮಾತ್ರ ಪೂರ್ತಿ ಇಳಿದಿರಲಿಲ್ಲ. ದೊಡ್ಡಯ್ಯನ ಒಪ್ಪಿಗೆ ಪಡೆದು, ಹೆಲ್ಮೆಟ್ ಹಾಕಿ, ಪಕ್ಕದ ಸೀಟಿನಲ್ಲಿ ಕುಳಿತಳು.

"ಒತ್ತಿ."

"ಒಡೆದ್ರೆ?"

"ಅಳ್ತೀನಿ. ಆಮೇಲೆ ಇನ್ನೊಂದು ಕಟ್ತೀನಿ. ನನ್ನ ಕಾಪಾಡ್ಬೇಡಿ, ನನ್ನ ಕೆಲಸ ನಂಬಿ!"

ಆತ ಉಸಿರೆಳೆದುಕೊಂಡು ಒತ್ತಿದ. ಎಂಜಿನ್ ಗುಡುಗಿತು. ಮುಳ್ಳು ಕೆಂಪು ಗೆರೆ ಮುಟ್ಟಿ, ಅಲ್ಲೇ ನಿಂತಿತು. ಅವಳು ಕಣ್ಣು ಮುಚ್ಚಲಿಲ್ಲ.

"ಪಾಸ್!" ವೈರ್‌ಲೆಸ್‌ನಲ್ಲಿ ದೊಡ್ಡಯ್ಯ ಕೂಗಿದ.

ಕಾರು ನಿಂತರೂ ಆತ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದೇ ಇದ್ದ. ಅವಳು ಆತನ ಕೈ ಬಿಡಿಸಿ ಹಿಡಿದುಕೊಂಡಳು.

"ಮದುವೆ ಆದ್ಮೇಲೂ ಹೀಗೇ ಹೆದರ್ತೀರಾ?"

"ಮದುವೆನಾ? ನಾನಿನ್ನೂ... ಕೇಳೇ ಇಲ್ವಲ್ಲ!"

"ನಿಮ್ಮ ವೇಗ ನೋಡಿ ನಾನೇ ಕೇಳ್ಬಿಟ್ಟೆ. ಹೂಂ ಅನ್ನಿ ಸಾಕು."

"ಹೂಂ," ಎಂದ ಗಾಳಿಪಟ.