ಒಂಬತ್ತನೇ ಮಹಡಿಯ ತೂಗುದೀಪ

"ಮುಟ್ಬೇಡಿ! ಕೈ ತೆಗೀರಿ ಮೊದ್ಲು!"

ಸ್ಟೂಲಿನ ಮೇಲೆ ನಿಂತು ತೂಗುದೀಪಕ್ಕೆ ಕೈ ಚಾಚಿದ್ದ ದುಶ್ಯಂತ್ ಬೆಚ್ಚಿಬಿದ್ದ. ಬಾಗಿಲಲ್ಲಿ ನಿಂತಿದ್ದ ತ್ರಿವೇಣಿಯ ಕಣ್ಣು ಕೆಂಪಾಗಿತ್ತು.

ಕಡೂರಿನಲ್ಲೇ ಎತ್ತರದ ಕಟ್ಟಡ ಅದು. ಗಾಳಿಗೇ ಅಲುಗುತ್ತೆ, ಇನ್ನು ಭೂಕಂಪವಾದರೆ ಗತಿಯೇನು ಅಂತ ಅಲ್ಲಿದ್ದವರೆಲ್ಲ ಗಲಾಟೆ ಮಾಡಿದ್ದರಿಂದ ಪರೀಕ್ಷೆಗೆ ಬಂದ ಇಂಜಿನಿಯರ್ ಅವನು. ಮೇಲಿನ ಮಹಡಿಯ ಆ ಮನೆಯಲ್ಲಿ ತ್ರಿವೇಣಿ ಮತ್ತು ಅವಳ ಸೋದರತ್ತೆ ಲಿಂಗಮ್ಮ, ಇಬ್ಬರೇ ವಾಸ.

ದೇವರ ಕೋಣೆಯ ಮುಂದೆ ಎರಡು ಹಿತ್ತಾಳೆ ದೀಪಗಳಿದ್ದವು. ಕಿಟಕಿ ಮುಚ್ಚಿತ್ತು, ಫ್ಯಾನ್ ನಿಂತಿತ್ತು. ಒಂದು ದೀಪ ಅಲುಗಾಡದೆ ನಿಂತಿತ್ತು. ಇನ್ನೊಂದು ಮಾತ್ರ... ತಾನೇ ತಾನಾಗಿ ತೂಗುತ್ತಿತ್ತು!

"ಅದು ನಮ್ಮಮ್ಮ ಹಚ್ತಿದ್ದ ದೀಪ," ತ್ರಿವೇಣಿಯ ದನಿ ಇಳಿಯಿತು. "ಅಮ್ಮ ಹೋಗಿ ಎಂಟು ತಿಂಗ್ಳಾಯ್ತು. ಆಷಾಢ ಹುಟ್ಟಿದಾಗಿಂದ ಹೀಗೆ ತೂಗ್ತಿದೆ. ಅಮ್ಮ ಇಲ್ಲೇ ಇದಾರೆ."

ದುಶ್ಯಂತ್ ಮೆಲ್ಲಗೆ ಕೆಳಗಿಳಿದ. "ಇದರ ಸರಪಳಿ ಗೇಣುದ್ದ ಕಣ್ರೀ. ಗಾಳಿಗೆ ಈ ಕಟ್ಟಡ ಒಂದ್ಸಲ ಹೋಗಿ ಬರೋಕೆ ಎಷ್ಟು ಹೊತ್ತು ಹಿಡಿಯುತ್ತೋ, ಈ ದೀಪಕ್ಕೂ ಅಷ್ಟೇ. ತಾಳ ಕೂಡಿತು, ತೂಗುತ್ತೆ. ಆ ಇನ್ನೊಂದರ ಸರಪಳಿ ಉದ್ದ, ಅದಕ್ಕೇ ಸುಮ್ನಿದೆ."

'ಎಲ್ಲದಕ್ಕೂ ಲೆಕ್ಕ ಇವನ ಹತ್ರ!' ಅವಳಿಗೆ ಸಿಟ್ಟು ಬಂತು. ಆದರೂ ದೀಪದ ಕೆಳಗೆ ನೆಲದ ಮೇಲೆ ಅವನು ಕಂಪನ ಅಳೆಯುವ ಯಂತ್ರ ಇಡುವಾಗ ಬೇಡ ಅನ್ನಲಿಲ್ಲ.

ಒಂದು ವಾರ ದಿನಾ ಬೆಳಿಗ್ಗೆ ಅವನು ಬಂದು ಯಂತ್ರ ನೋಡಿ ಹೋದ. ಮೊದಲ ದಿನ ನೀರೂ ಕೊಡದವಳು ನಾಲ್ಕನೇ ದಿನ ಕಾಫಿ ಕೊಟ್ಟಳು. ಐದನೇ ದಿನ ಲಿಫ್ಟಿನ ಸದ್ದಾದರೆ ಸಾಕು, ಕನ್ನಡಿ ನೋಡಿಕೊಳ್ಳುತ್ತಿದ್ದಳು. ಪ್ರೀತಿ ಅಂತ ಅವಳೇನೂ ಒಪ್ಪಿಕೊಳ್ಳಲಿಲ್ಲ ಬಿಡಿ!

ಶನಿವಾರ ತ್ರಿವೇಣಿ ರಕ್ತಪರೀಕ್ಷೆಯ ಲ್ಯಾಬಿನ ಕೆಲಸ ಮುಗಿಸಿ ಬಂದಾಗ ಗಾಳಿ ಊಳಿಡುತ್ತಿತ್ತು. ತಲೆಯೆತ್ತಿದಳು.

ದೀಪ ನಿಂತಿತ್ತು.

ಸರಪಳಿಗೆ ಹೊಸ ಕೊಂಡಿ ಸೇರಿಸಿ ಯಾರೋ ಉದ್ದ ಮಾಡಿದ್ದರು. ಯಂತ್ರ ಎತ್ತಿಕೊಂಡು ಹೊರಟಿದ್ದ ದುಶ್ಯಂತ್ ತಲೆ ತಗ್ಗಿಸಿದ.

"ನೀವು ಗೆದ್ರಿ ಅಲ್ವಾ? ನಮ್ಮಮ್ಮನ್ನ ಎರಡನೇ ಸಲ ಸಾಯಿಸಿಬಿಟ್ರಲ್ಲ! ಹೋಗಿ! ಇನ್ನು ಈ ಕಡೆ ತಲೆ ಹಾಕ್ಬೇಡಿ!"

ಅವನು ಯಂತ್ರವನ್ನು ಎದೆಗವಚಿಕೊಂಡು ಲಿಫ್ಟಿನತ್ತ ನಡೆದ.

ಅವತ್ತು ತ್ರಿವೇಣಿ ಊಟ ಬಿಟ್ಟಳು. ಮಾರನೆಯ ದಿನವೂ ಬಿಟ್ಟಾಗ ಲಿಂಗಮ್ಮನಿಗೆ ತಡೆಯಲಾಗಲಿಲ್ಲ.

"ನಾನೇ ಕಣೇ ಕೈ ಮುಗ್ದು ಕೇಳ್ಕೊಂಡಿದ್ದು! ನೀನು ದೀಪದ ಜೊತೆ ಮಾತಾಡೋದು ನೋಡಿ ನಂಗೆ ಜೀವ ಹಾರೋಗಿತ್ತು. ಆ ಹುಡುಗ ನಿನ್ನ ಕೇಳ್ದೆ ಮುಟ್ಟಲ್ಲ ಅಂದ. ನಾನೇ ಅತ್ತೂ ಕರೆದೂ ಮಾಡಿಸ್ಬಿಟ್ಟೆ!"

'ನನ್ನ ಬೈಗುಳ ಎಲ್ಲಾ ಸುಮ್ನೆ ನುಂಗ್ಕೊಂಡು ಹೋದನಾ...?' ತ್ರಿವೇಣಿ ಅವನಿಗೆ ಫೋನ್ ಮಾಡಿದಳು. "ತಪ್ಪಾಯ್ತು. ಒಂದ್ಸಲ ಬನ್ನಿ" ಅಂದಳು.

ಎರಡು ದಿನ ಬಿಟ್ಟು, ಸಂಜೆ ಆರು ಗಂಟೆಗೆ ಅವನು ಬಂದ. ಮುಖ ಬಾಡಿತ್ತು.

"ಕಟ್ಟಡಕ್ಕೇನೂ ಭಯವಿಲ್ಲ. ಗಾಳಿಗೂ, ಭೂಕಂಪಕ್ಕೂ ತಡ್ಕೊಳ್ಳುತ್ತೆ ಅಂತ ರಿಪೋರ್ಟ್ ಕೊಟ್ಟೆ. ಆದ್ರೆ ಒಂದು ವಿಷಯ ಅದ್ರಲ್ಲಿ ಬರೀಲಿಲ್ಲ." ಅವನು ಗ್ರಾಫಿನ ಕಾಗದ ಬಿಚ್ಚಿದ. "ದಿನಾ ಸಂಜೆ ಆರೂವರೆಗೆ ನೀವು ದೀಪದ ಹತ್ರ ಬಂದು ನಿಲ್ತೀರಿ. ಇವು ನಿಮ್ಮ ಹೆಜ್ಜೆ. ಇವುಗಳನ್ನ ನೋಡ್ತಾ ನೋಡ್ತಾನೇ ನಾನು... ನಿಮ್ಮವನಾಗ್ಬಿಟ್ಟೆ."

ಅವಳು ಕಾಗದದಿಂದ ಕಣ್ಣೆತ್ತಿ ಅವನನ್ನು ನೋಡಿದಳು.

"ಆದ್ರೆ ನಿಮ್ಮ ಹಿಂದೇನೇ ಇನ್ನೊಬ್ಬರು ಬರ್ತಾರೆ. ನೋಡಿ... ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದಂಗೆ. ನಿಮ್ಮತ್ತೆ ನಡಿಗೆ ಇದಲ್ಲ."

"ಆ ಹೊತ್ತಲ್ಲಿ ಮನೇಲಿ ನಾನೊಬ್ಳೇ! ಅತ್ತೆ ಕೆಳಗೆ ಭಜನೇಲಿ ಇರ್ತಾರೆ..." ಅವಳು ಲಿಂಗಮ್ಮನತ್ತ ತಿರುಗಿದಳು. "ಅತ್ತೆ, ಅಮ್ಮಂಗೆ ಎಡಗಾಲು ಸ್ವಾಧೀನ ಇರ್ಲಿಲ್ಲ ಅಂತ ಇವರಿಗೆ ಹೇಳಿದ್ರಾ?"

ಲಿಂಗಮ್ಮ ಸೆರಗು ಬಾಯಿಗೊತ್ತಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

ದುಶ್ಯಂತನ ಮುಖ ಬಿಳಿಚಿತು. "ದೀಪಕ್ಕೆ ನನ್ನ ಹತ್ರ ಲೆಕ್ಕ ಇತ್ತು. ಇದಕ್ಕಿಲ್ಲ."

ತ್ರಿವೇಣಿಯ ಕಣ್ಣಿಂದ ನೀರು ಧಾರಾಕಾರ ಹರಿಯಿತು. ಅಮ್ಮ ದೀಪದಲ್ಲಿರಲಿಲ್ಲ. ಅವಳ ಬೆನ್ನ ಹಿಂದೆಯೇ ಇದ್ದಳು!

"ಹೆದರಿಕೆ ಆಗ್ಲಿಲ್ವಾ ನಿಮಗೆ?"

"ಆಯ್ತು. ಅದಕ್ಕೇ ಎರಡು ದಿನ ಬರ್ಲಿಲ್ಲ. ಆಮೇಲೆ ಅನ್ನಿಸ್ತು... ಮಗಳನ್ನ ಕೇಳೋನು ತಾಯಿಗೆ ಹೆದರಿ ಓಡಿದ್ರೆ ಹೆಂಗೆ?"

ಅವನು ಅವಳ ಹಿಂದಿನ ಖಾಲಿ ಜಾಗಕ್ಕೆ ಕೈ ಮುಗಿದ. "ಅಮ್ಮಾ, ನಾನು ದುಶ್ಯಂತ್. ಬುಕ್ಕಾಂಬುಧಿಯವನು. ನಿಮ್ಮ ಮಗಳನ್ನ ಚೆನ್ನಾಗಿ ನೋಡ್ಕೋತೀನಿ. ಕೊಡ್ತೀರಾ?"

ಆಮೇಲೆ ಮೆಲ್ಲಗೆ ತ್ರಿವೇಣಿಯತ್ತ ಬಾಗಿದ.

"ಏನಂದ್ರು ಅಮ್ಮ?" ಅವನು ಪಿಸುಗುಟ್ಟಿದ.

ತ್ರಿವೇಣಿ ಅಳುತ್ತಲೇ ನಕ್ಕು ಅವನ ಕೈ ಹಿಡಿದಳು. "ಹುಡುಗ ತಣ್ಣಗಾಗ್ಬಿಟ್ಟಿದಾನೆ, ಮೊದ್ಲು ಕಾಫಿ ಕೊಡು ಅಂದ್ರು."