ತಿದಿಕೋಣೆಯಲ್ಲಿ ಕೇಳಿದ ಪಿಟೀಲು

ಇಗರ್ಜಿಯ ಆರ್ಗನ್ ಅಟ್ಟದ ಕೆಳಗೆ, ಕಲ್ಲುಹಾಸಿನ ಮೇಲೆ, ವಾದಕ ತಿಬುರ್ಜಿಯೊ ಕತ್ತು ಮುರಿದು ಬಿದ್ದಿದ್ದ. ಬೆಳಗಿನ ಪೂಜೆಗೆ ಬಂದ ಹೆಂಗಸರು ಮೊದಲು ನೋಡಿದರು. ಅಟ್ಟದ ಕಟಕಟೆ ಸೊಂಟದೆತ್ತರ. ಕಾಲು ಜಾರಿ ಬೀಳುವಂಥದ್ದಲ್ಲ. 1683ರ ಡಿಸೆಂಬರ್, ಮೊದೆನಾ ಪಟ್ಟಣ.

ರಾತ್ರಿ ಇಗರ್ಜಿಯಲ್ಲಿ ಇನ್ನೊಬ್ಬನಿದ್ದ — ತಿದಿ ಒತ್ತಿ ಆರ್ಗನ್ನಿಗೆ ಗಾಳಿ ಹಾಕುವ ಮೆನಿಕೊ. ಕುಡುಕ. ಹಿಂದಿನ ದಿನವಷ್ಟೇ ಸತ್ತವನೊಡನೆ ಜಗಳವಾಡಿದ್ದ. ಪೇದೆಗಳು ಅವನ ಕೈ ಹಿಂದಕ್ಕೆ ಕಟ್ಟಿ ಹಗ್ಗದಲ್ಲಿ ನೇತುಹಾಕಿದರು. ಭುಜಗಳು ಕಳಚಿದವು. ಒಪ್ಪಿಕೊಳ್ಳಲಿಲ್ಲ. ಸಂಜೆಗೆ ಮತ್ತೆ ಹಗ್ಗ. ಒಪ್ಪಿಕೊಂಡರೆ ಗಲ್ಲು.

ತನಿಖಾಧಿಕಾರಿ ಫೋಸ್ಕಿ ಮಧ್ಯಾಹ್ನ ಬಂದು ಮೆನಿಕೊನನ್ನು ಕೇಳಿದ.

“ಮೇಲೆ ಯಾರಿದ್ರು?”

“ನಾನಿರೋದು ಗೋಡೆ ಹಿಂದೆ, ತಿದಿಕೋಣೇಲಿ, ಸ್ವಾಮಿ. ಏನೂ ಕಾಣಲ್ಲ. ಆರ್ಗನ್ ಜೊತೆ ಒಂದು ಪಿಟೀಲು ನುಡೀತಿತ್ತು. ಆಮೇಲೆ ಏನೋ ಮಾತು. ಆಮೇಲೆ ಧಡ್ ಅಂತು. ಕುಡಿದ ಮತ್ತು, ಅಲ್ಲೇ ಮಲಗಿಬಿಟ್ಟೆ.”

“ನಿನ್ನೆ ಕುಡಿದಿದ್ದು ನುಡೀತಿತ್ತೇನೋ,” ಅಂದ ಪೇದೆ.

ಎರಡು ಪಿಟೀಲು, ಒಂದು ಆರ್ಗನ್ — ತಿಬುರ್ಜಿಯೊ ಕ್ರಿಸ್ಮಸ್ಸಿಗೆಂದು ಕಟ್ಟುತ್ತಿದ್ದ ಸೊನಾಟಾ ಕೃತಿಗಳಿಗೆ ಬೇಕಾದದ್ದು ಇಷ್ಟೇ. ಅವನ್ನು ನುಡಿಸುವವರು ಗಿರಾರ್ದೊ ಮತ್ತು ಲೇಲಿಯೊ. ಫೋಸ್ಕಿ ಇಬ್ಬರನ್ನೂ ಪಿಟೀಲು ಸಮೇತ ಅಟ್ಟಕ್ಕೆ ಕರೆಸಿದ.

“ನಿನ್ನೆ ಇಬ್ಬರೂ ಅರಮನೇಲಿ ನುಡಿಸಿದ್ರಿ. ಆಮೇಲೆ?”

“ಮನೆ,” ಗಿರಾರ್ದೊ ಅಂದ. “ಪಿಟೀಲಿನ ಪೆಟ್ಟಿಗೆ ತೆಗೆದೇ ಇಲ್ಲ.”

“ನಂದೂ ಅಷ್ಟೇ. ಜ್ವರ, ಹೊದ್ದು ಮಲಗಿದ್ದೆ,” ಎಂದ ಲೇಲಿಯೊ. “ಕುಡುಕನ ಮಾತಿಗೆ ನಮ್ಮನ್ನ ಈ ಚಳೀಲಿ ಹತ್ತಿಸಿದ್ರಾ?”

ಪೇದೆ ತಿದಿ ಒತ್ತಿದ. ಫೋಸ್ಕಿ ಆರ್ಗನ್ನಿನ ಸ್ವರದ ಮನೆಯೊಂದನ್ನು ಒತ್ತಿ ಹಿಡಿದ. “ತಂತಿ ಮೀಟಿ.”

ಗಿರಾರ್ದೊನ ತಂತಿ ಕೂಡಲಿಲ್ಲ. “ಅರಮನೆ ಶ್ರುತಿ, ಸ್ವಾಮಿ. ಇಲ್ಲಿಗಿಂತ ಒಂದು ಸ್ವರ ಕೆಳಗೆ. ನಮಗೆಲ್ಲ ಗೊತ್ತಿರೋದೇ.”

ಲೇಲಿಯೊ ಮೀಟಿದ. ತಂತಿಯ ದನಿ ಆರ್ಗನ್ನಿನ ದನಿಯೊಳಗೆ ಸೇರಿಹೋಯಿತು. ಫೋಸ್ಕಿ ಮನೆ ಬದಲಿಸಿದಂತೆ ಎರಡನೆಯದು, ಮೂರನೆಯದು, ನಾಲ್ಕನೆಯದು — ಎಲ್ಲವೂ.

“ಥಂಡಿಗೆ ಬಿಗಿದಿರಬೇಕು,” ಅಂದ ಲೇಲಿಯೊ.

“ಥಂಡಿ ಒಂದು ತಂತೀನ ಎಳೆಯುತ್ತೆ, ಇನ್ನೊಂದನ್ನ ಸಡಿಲ ಮಾಡುತ್ತೆ. ನಾಲ್ಕನ್ನೂ ಒಂದೇ ಅಳತೇಲಿ ಏರಿಸಿ ಆರ್ಗನ್ನಿಗೆ ಕೂಡಿಸೋಷ್ಟು ಸಂಗೀತ ಥಂಡಿಗೆ ಬರಲ್ಲ. ಇಲ್ಲಿ ನುಡಿಸೋಕೆ ಬಂದೋನು ಬಿರಡೆ ತಿರುಗಿಸಿ ಏರಿಸ್ಲೇಬೇಕು. ಮತ್ತೆ ಇಳಿಸೋದು ಇನ್ನೊಂದು ಜಾಗಕ್ಕೆ ನುಡಿಸೋಕೆ ಹೋದಾಗ ಮಾತ್ರ. ಮೆನಿಕೊ ಕೇಳಿದ ಪಿಟೀಲು ನಿಂದು, ಲೇಲಿಯೊ. ತಳ್ಳಿದೋನೂ ನೀನೇ.”

ಲೇಲಿಯೊ ಪಿಟೀಲು ಕೆಳಗಿಟ್ಟ.

“‘ನಿನ್ನ ಕೈ ನಡುಗುತ್ತೆ, ಹಬ್ಬಕ್ಕೆ ಬೇರೆಯವರನ್ನ ತರ್ತೀನಿ’ ಅಂದ ತಿಬುರ್ಜಿಯೊ. ನುಡಿಸಿ ತೋರಿಸ್ತೀನಿ ಅಂತ ಬಂದೆ. ನಡುಗಿತು. ಅವನು ನಕ್ಕ.”

ಮೆನಿಕೊನನ್ನು ಬಿಟ್ಟರು. ಬಾಗಿಲಲ್ಲಿ ಪಾದ್ರಿ ಕಾಯುತ್ತಿದ್ದ. “ನಾಳೆ ತಿಬುರ್ಜಿಯೊನ ಮಣ್ಣು. ತಿದಿ ಒತ್ತೋಕೆ ಬರ್ತೀಯಲ್ಲ?”

ಮೆನಿಕೊನ ಎರಡೂ ತೋಳು ಸುಮ್ಮನೆ ಜೋತಾಡುತ್ತಿದ್ದವು.

“ತುತ್ತು ಬಾಯಿಗೆ ಎತ್ತೋಕೂ ಈ ಕೈ ಏಳಲ್ಲ, ಫಾದರ್. ಬೇರೆಯವರನ್ನ ನೋಡ್ಕೊಳ್ಳಿ.”

ಪಾದ್ರಿ ತಲೆಯಾಡಿಸಿ ಬೇರೆಯವರನ್ನು ಹುಡುಕಲು ಹೋದ.