ಮುತ್ಯಾನ ಮೋಟಾರಿನ ಮೇಲೆ ಬೀರಪ್ಪನ ಭಂಡಾರ

ಕೊಟ್ಟಿಗೆಯಲ್ಲಿ ಮೋಟಾರು ಗಾಡಿಯ ಅಡಿಯಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು!

ಸಾವಂತ್ರಿಯ ಎದೆ ಧಸಕ್ಕೆಂದಿತು. ಆದರೆ ಹುನಗುಂದದ ಹುಡುಗಿ, ಹೆದರಿ ಓಡುವವಳೇ? ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡು ಆ ಕಾಲುಗಳ ಮೇಲೆ ಬಾರಿಸಿಯೇ ಬಿಟ್ಟಳು.

"ಕಳ್ಳಾ! ಮುತ್ಯಾ, ಓಡಿ ಬಾ! ಯಾವನೋ ನಮ್ಮ ಮೋಟಾರ ಬಿಚ್ಚಾಕ ಹತ್ಯಾನ!"

"ಅಯ್ಯಯ್ಯೋ... ಹೊಡೀಬ್ಯಾಡ್ರಿ! ಕಳ್ಳ ಅಲ್ರಿ ನಾ!"

ಹೊರಗೆ ತೆವಳಿ ಬಂದವನ ಮೂಗು, ಮೀಸೆ, ರೆಪ್ಪೆ ಎಲ್ಲ ಹಳದಿ! ಮೋಟಾರಿಗೆ ಮೆತ್ತಿದ್ದ ಬೀರಪ್ಪನ ಭಂಡಾರದ ಅರಿಶಿನವೆಲ್ಲ ಅವನ ಮುಖಕ್ಕೆ ಉದುರಿತ್ತು. ಸಾವಂತ್ರಿಗೆ ಬಂದ ಸಿಟ್ಟು ಅರ್ಧದಲ್ಲೇ ನಗುವಾಯಿತು.

"ಅಮಸಿದ್ದಪ್ಪ ಅಂತ ನನ್ನ ಹೆಸರು. ಬಾದಾಮಿ ಕಡಿಯವ. ಪುಣೆದಾಗ ಹಳೀ ಮೋಟಾರ ರಿಪೇರಿ ಮಾಡ್ತೇನಿ. ನಿಮ್ಮ ಮುತ್ಯಾನss ನನ್ನ ಒಳಗ ಬಿಟ್ಟಾರ... ನಾವೂ ಬೀರಪ್ಪನ ಒಕ್ಕಲ ಅದೇವ್ರಿ."

"ಅದನ್ನ ಮೊದಲ ಹೇಳಬಾರದೇನು?"

"ಹೇಳಾಕ ನೀವು ಬಾಯಿ ಎಲ್ಲಿ ಕೊಟ್ರಿ? ಕಸಬರಿಗಿ ಕೊಟ್ರಿ!"

ಅವನ ಕಣ್ಣುಗಳು ನಗುತ್ತಿದ್ದವು. ಸಾವಂತ್ರಿ ಯಾಕೋ ಕಸಬರಿಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು.

ಇದು ೧೯೭೯ರ ಮಾತು. ಆ ಮೋಟಾರೆಂದರೆ ಅಂತಿಂಥದ್ದಲ್ಲ, ರೇಸಿನ ಮೋಟಾರು! ಉದ್ದ ಮೂತಿ, ಸಪೂರ ಮೈ, ಇಬ್ಬರು ಕೂತರೆ ಮೂರನೆಯವರಿಗೆ ಜಾಗವಿಲ್ಲ. ಸಾವಂತ್ರಿಯ ಮುತ್ಯಾ, ಅಂದರೆ ಅಜ್ಜ, ಪಾಂಡಪ್ಪ ಹರೆಯದಲ್ಲಿ ಒಬ್ಬ ಸಂಸ್ಥಾನಿಕರ ಬಳಿ ಡ್ರೈವರ್ ಆಗಿದ್ದ. ಮೋಟಾರು ಓಡಿಸುವ ಹುಚ್ಚಿನ ಆ ದೊರೆ ಸಂಸ್ಥಾನ ಬಿಟ್ಟುಕೊಡುವಾಗ, "ಪಾಂಡ್ಯಾ, ಇದನ್ನ ನೀನss ಜ್ವಾಕಿ ಮಾಡು" ಎಂದು ಇವನ ಕೈಗೆ ಒಪ್ಪಿಸಿದ್ದರಂತೆ.

ಊರು ನಂಬಬೇಕಲ್ಲ! ಕೊಟ್ಟಿಗೆಯಲ್ಲಿ ಎಮ್ಮೆಯ ಪಕ್ಕ ನಿಂತ ರೇಸ್ ಕಾರು ಯಾರಿಗೆ ನಿಜವೆನಿಸೀತು? "ಡಬ್ಬಿ ತಗಡು ಬಡದು ಮಾಡ್ಯಾನ" ಎಂದರು. "ಖೊಟ್ಟಿ ಪಾಂಡಪ್ಪ", ಅಂದರೆ ನಕಲಿ ಪಾಂಡಪ್ಪ, ಎಂಬ ಹೆಸರು ಅಂಟಿಕೊಂಡಿತು. ಮುದುಕ ನಕ್ಕು ಸುಮ್ಮನಿರುತ್ತಿದ್ದ. ಆದರೆ ಸಾವಂತ್ರಿಯನ್ನು ನೋಡಲು ಇಳಕಲ್ಲಿನಿಂದ ಬಂದ ಗಂಡಿನ ಕಡೆಯವರು "ಸುಳ್ಳ ಹೇಳೂ ಮುದುಕನ ಮನಿತನ ನಮಗ ಬ್ಯಾಡ" ಎಂದು ಎದ್ದುಹೋದ ಮೇಲೆ, ಊರಬಾಗಿಲ ಅಗಸಿ ಕಟ್ಟೆಗೆ ಹೋಗಿ ಕೂರುವುದನ್ನೇ ಬಿಟ್ಟುಬಿಟ್ಟ.

ಗಂಡು ಹೋದದ್ದಕ್ಕೆ ಸಾವಂತ್ರಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮುತ್ಯಾ ಗೋಡೆಗೆ ಮುಖ ಮಾಡಿ ಮಲಗಿದ್ದನ್ನು ನೋಡಿ ಮಾತ್ರ ಹಟ ಹಿಡಿದಳು. 'ಒಮ್ಮೆ, ಒಮ್ಮೆಯಾದರೂ ಇಡೀ ಊರ ಮುಂದೆ ನನ್ನ ಮುತ್ಯಾನ ಮಾತು ಖರೆ ಆಗಬೇಕು!'

ಮುತ್ಯಾ ಅವಳಿಗೂ ಹೇಳದೆ ಒಬ್ಬ ಲಾರಿ ಡ್ರೈವರನ ಕೈಯಲ್ಲಿ ಪುಣೆಗೆ ಸುದ್ದಿ ಕಳಿಸಿದ್ದ. ಅಲ್ಲಿನ ಹಳೆಯ ಮೋಟಾರುಗಳ ಶೋಕಿಯ ಸೇಠ, ಪರೀಕ್ಷೆ ಮಾಡಲು ಅಮಸಿದ್ದಪ್ಪನನ್ನು ಕಳಿಸಿದ್ದ.

ಅವನು ದಿನವೂ ಬಂದ. ಮುತ್ಯಾನ ಕಥೆಗಳನ್ನು ಬಾಯಿಬಿಟ್ಟು ಕೇಳಿದ. ಸಾವಂತ್ರಿ ಪಡಸಾಲೆಯಲ್ಲಿ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರದ ಮುಂದೆ, ಕಣ್ಣು ಕೊಟ್ಟಿಗೆಯ ಕಡೆ!

"ಅಮಸಿದ್ದಪ್ಪನವರss, ಚಾ ಆರತೈತಿ ಬರ್ರಿ!"

"ಬಂದೇರಿ! ನೀವು ಕರದ್ರ ಬರದಂಗ ಇರಾಕ ಆಕ್ಕೈತೇನು?"

ಆ ದಿನ ಅವಳು ಕುಪ್ಪಸದ ಎಡದೋಳನ್ನು ಬಲಕ್ಕೆ ಹೊಲಿದಳು. 'ಏನಾಗೇತಿ ನನಗ...' ಎಂದುಕೊಂಡು ಬಿಚ್ಚಿದಳು. ಮತ್ತೆ ಹಾಗೆಯೇ ಹೊಲಿದಳು!

ಈ ಸಿಹಿಗೆ ಬೇವು ಬೆರೆಸಿದವನು ಊರಿನ ಮೆಕ್ಯಾನಿಕ್ ದಸ್ತಗೀರಸಾಬ.

"ತಂಗಿ, ಒಂದ ಮಾತ ಕೇಳು. ಆ ಸೇಠನ ಹತ್ರನೂ ಇಂಥಾದ್ದss ಒಂದು ಮೋಟಾರ ಐತಂತ. ದೊರೆ ಓಡಿಸಿದ ಅಸಲಿ ಗಾಡಿ ನನ್ನದss ಅಂತ ಊರೆಲ್ಲಾ ಡಂಗುರ ಹೊಡದಾನಂತ. ನಿಮ್ಮದು ಅಸಲಿ ಆದ್ರ ಅವಂದು ಖೊಟ್ಟಿ ಆತಲ್ಲವಾ? ಈ ಹುಡುಗ ಅವನ ಉಪ್ಪು ತಿಂದವ..."

ಸಾವಂತ್ರಿ ಕೈಯಲ್ಲಿದ್ದ ಕುಪ್ಪಸ ಬಿಸಾಡಿದಳು. ನೆಟ್ಟಗೆ ಕೊಟ್ಟಿಗೆಗೆ ನುಗ್ಗಿದಳು.

"ಅಮಸಿದ್ದಪ್ಪನವರss! ಸೇಠನ ಹತ್ರ ಇಂಥಾ ಮೋಟಾರ ಇದ್ದದ್ದು ಖರೆ ಏನು?"

ಅವನ ಮುಖ ಬಾಡಿತು. "ಖರೆ."

"ಹಂಗಾದ್ರ ನಮ್ಮದನ್ನ ಖೊಟ್ಟಿ ಅನ್ನಾಕss ಬಂದೀರಿ! ನಮ್ಮ ಮನಿ ಚಾ ಕುಡದು, ನಕ್ಕೋತ... ಛೀ!"

"ಖೊಟ್ಟಿ ಅನ್ನಾಕ ಬಂದಿಲ್ಲ ಸಾವಂತ್ರವ್ವಾರ. ಇದ್ದದ್ದು ಹೇಳಾಕ ಬಂದೇನಿ. ಕೇಳ್ರಿ... ಸೇಠನ ಗಾಡಿಗಿ ನಂಬರಿನ ಹಿತ್ತಾಳಿ ತಗಡು ಐತಿ. ತಗಡು ಏನ್ರಿ, ಇಲ್ಲಿಂದ ಕಿತ್ತು ಅಲ್ಲಿ ಬಡೀಬಹುದು. ಗಾಡಿ ಅಡಿ ಚೌಕಟ್ಟು, ಚಾಸಿ ಅಂತಾರ, ಅದರ ಉಕ್ಕಿನೊಳಗ ಒತ್ತಿದ ಅಂಕಿ ಮಾತ್ರ ಕೀಳಾಕ ಬರೂದಿಲ್ಲ. ಅವನ ಚಾಸಿ ಮ್ಯಾಲ ಅಂಕಿನss ಇಲ್ಲ. ಇದರಾಗ ಇದ್ರ ಇದss ಅಸಲಿ."

"ಮತ್ತ ನೋಡ್ರಿ! ಯಾರು ಬ್ಯಾಡ ಅಂದಾರ?"

"ನಿಮ್ಮ ಮುತ್ಯಾನss!"

ಅಲ್ಲೇ ಇತ್ತು ತೊಡಕು. ಪ್ರತಿ ಖಂಡೇನವಮಿಯ ಆಯುಧಪೂಜೆಗೆ ಪಾಂಡಪ್ಪ ಚಾಸಿಯ ಮೂತಿಗೆ ಎಣ್ಣೆ ಸವರಿ ಬೀರಪ್ಪನ ಭಂಡಾರ ಬಳಿಯುತ್ತಿದ್ದ. ವರ್ಷದ ಮೇಲೆ ವರ್ಷ ಮೆತ್ತಿ, ಅದು ರೊಟ್ಟಿಯಷ್ಟು ದಪ್ಪ ಕಟ್ಟಿತ್ತು. ಅಂಕಿ ಇದ್ದರೆ ಅದರಡಿಯಲ್ಲೇ ಇರಬೇಕು. ಕೆರೆಯಲು ಕೇಳಿದರೆ ಮುದುಕ ಕೆಂಡವಾಗಿದ್ದ. "ದೇವರ ಭಂಡಾರಕ್ಕ ಕಬ್ಬಿಣ ತಾಗಸ್ತೀರಿ? ಖೊಟ್ಟಿ ಅನಿಸ್ಕೊಂಡು ಸಾಯ್ತೇನಿ, ಆ ಪಾಪ ಒಲ್ಲೆ!"

ಸಾವಂತ್ರಿ ಮನೆಯೊಳಗೆ ಬಂದು ಕೂತಳು. ಕೂತಲ್ಲೇ ಒಂದು ಯೋಚನೆ ಮುಳ್ಳಿನಂತೆ ಚುಚ್ಚಿತು.

'ಅಂಕಿ ಕಾಣದಿದ್ದರೆ ಲಾಭ ಯಾರಿಗೆ? ಸೇಠನಿಗೆ! ಏನೂ ಸಿಗಲಿಲ್ಲ ಎಂದು ಇವರು ಅಂದೇ ಬಸ್ಸು ಹತ್ತಬಹುದಿತ್ತು. ಚೀಲದಲ್ಲಿ ಚಾಕು ಇದೆ, ಯಾರೂ ಇಲ್ಲದಾಗ ಕದ್ದು ಕೆರೆಯಬಹುದಿತ್ತು. ಎರಡೂ ಮಾಡಲಿಲ್ಲ... ಯಾಕೆ ಕೂತಿದ್ದಾರೆ ಹಾಗಾದರೆ?'

ಉತ್ತರ ತಾನಾಗಿಯೇ ಹೊಳೆಯಿತು. ಕೆನ್ನೆ ಬಿಸಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು, ಅವಳು ಕುಣಿದು ಎದ್ದಳು!

"ಮುತ್ಯಾ! ಭಂಡಾರಕ್ಕ ಕಬ್ಬಿಣ ತಾಗಬಾರದು. ಖರೆ. ಮಂದಿ ಹಣಿಗಿ ಹಚ್ಕೊಳ್ಳಾಕ ಏನಡ್ಡಿ?"

ಮುದುಕ ಕಣ್ಣು ಕಿರಿದು ಮಾಡಿದ. "ಹಣಿಗಿ ಹಚ್ಚಾಕss ಇರೂದವ್ವ ಭಂಡಾರ..."

"ಹಂಗಾದ್ರ ಓಣ್ಯಾಗಿನ ಮಂದೀನ ಎಲ್ಲಾ ಕರೀತೇನಿ!"

ಕರೆದಳು. ಓಣಿಯೇನು, ಅರ್ಧ ಊರೇ ಬಂತು. ಖೊಟ್ಟಿ ಪಾಂಡಪ್ಪನ ತಮಾಷೆ ನೋಡಲು ಬಂದವರೇ ಹೆಚ್ಚು. ಸಾವಂತ್ರಿ ಬೆಚ್ಚಗಿನ ಎಣ್ಣೆ ಹನಿಸಿ ಭಂಡಾರವನ್ನು ಮೆತ್ತಗೆ ಮಾಡಿದಳು. ಒಬ್ಬೊಬ್ಬರೇ ಬೆರಳಿನಿಂದ ಚಿಟಿಕೆ ತೆಗೆದು "ಬೀರಪ್ಪನ ಪಾದಕ ಚಾಂಗಭಲೋ!" ಎಂದು ಜಯಕಾರ ಹಾಕಿ ಹಣೆಗೆ ಬಳಿದುಕೊಂಡರು. ನಗುವವರ ಹಣೆ ಹಳದಿ, ಹಂಗಿಸುವವರ ಹಣೆಯೂ ಹಳದಿ! ದಸ್ತಗೀರಸಾಬ ಕೂಡ "ನನಗೂ ಇಷ್ಟು ಹಚ್ಚು ತಂಗಿ" ಎಂದು ಹಣೆ ಒಡ್ಡಿದ.

ಕಡೆಯ ಚಿಟಿಕೆ ಮುತ್ಯಾನದು. ಅವನ ಬೆರಳು ಸರಿದಲ್ಲಿ ಕಪ್ಪು ಉಕ್ಕು ಕಂಡಿತು.

ಅಮಸಿದ್ದಪ್ಪ ಮೊಣಕಾಲೂರಿ ಬಗ್ಗಿದ. ಎಲ್ಲರೂ ಹಿಂದಿನಿಂದ ಇಣುಕಿದರು.

"ನಾಕು... ಒಂದು... ಏಳು... ಎರಡು..." ಅವನು ತಲೆ ಎತ್ತಿದ. "ಸೇಠನ ಹಿತ್ತಾಳಿ ತಗಡಿನ ಮ್ಯಾಲೂ ಇದss ನಂಬರ! ತಗಡು ಇದರದು, ಯಾರೋ ಕಿತ್ತು ಅದಕ್ಕ ಒಯ್ದು ಬಡದಾರ... ಮುತ್ಯಾರ, ನಿಮ್ಮ ಮೋಟಾರ ಅಪ್ಪಟ ಅಸಲಿ!"

ಪಾಂಡಪ್ಪ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. ಸಾವಂತ್ರಿ ಅವನನ್ನು ತಬ್ಬಿಕೊಂಡು ಅತ್ತಳು, ನಕ್ಕಳು, ಮತ್ತೆ ಅತ್ತಳು.

ಆದರೂ ಒಂದು ಅಳುಕು... 'ಇಲ್ಲಿ ಹೇಳಿದ್ದನ್ನು ಸೇಠನ ಮುಂದೆ ಹೇಳುತ್ತಾರೆಯೇ?'

ಅಮಸಿದ್ದಪ್ಪ ಅವಳ ಕಣ್ಣಲ್ಲೇ ಅದನ್ನು ಓದಿದ. "ನಡೀರಿ ಪೋಸ್ಟ್ ಆಫೀಸಿಗಿ!"

ಹಳದಿ ಹಣೆಯ ಮೆರವಣಿಗೆ ಹೊರಟಿತು. ಪುಣೆಗೆ ಟ್ರಂಕ್ ಕಾಲ್ ಬುಕ್ ಆಯಿತು. ಕಾದು ಕಾದು ಲೈನ್ ಸಿಕ್ಕಿತು. ಸಿಕ್ಕರೂ ಆ ಕಡೆಯವರಿಗೆ ಕೇಳಬೇಕಲ್ಲ! ಅಮಸಿದ್ದಪ್ಪ ಗಂಟಲು ಹರಿಯುವಂತೆ ಕೂಗಿದ, ಇಡೀ ಪೇಟೆಗೆ ಕೇಳಿಸಿತು.

"ಸೇಠಜೀ! ಹುನಗುಂದ್‌ವಾಲಾ ಅಸಲೀ! ಆಪಕಾ ನಕಲೀ! ಹಾಂ ಹಾಂ... ನ‍‍ಕಲೀ!"

ಆ ಕಡೆಯಿಂದ ಏನು ಬಂತೋ, ಅವನು ಫೋನಿಟ್ಟು ನಕ್ಕ. "ನೌಕರಿ ಹೋತು."

ಹುನಗುಂದದ ಜನ ಬೈಯುವುದರಲ್ಲಿ ಎಷ್ಟು ಜೋರೋ ಹೊಗಳುವುದರಲ್ಲೂ ಅಷ್ಟೇ ಜೋರು. ಪಾಂಡಪ್ಪನನ್ನು ಕೈಹಿಡಿದು ಒಯ್ದು ಅಗಸಿ ಕಟ್ಟೆಯ ನಡುಮಧ್ಯೆ ಕೂರಿಸಿದರು. ಅಷ್ಟರಲ್ಲಿ ನೀರಿನ ಕೊಡ ಹೊತ್ತು ಬಂದ ರಂಗವ್ವ, ಕಿವಿ ಸ್ವಲ್ಪ ಮಂದ, ಕೇಳಿದಳು.

"ಏನಂತ? ಅಸಲಿ ಅಂತ? ಯಾರು ಹಂಗಂದವರು?"

ಮುತ್ಯಾ ಎದೆಯುಬ್ಬಿಸಿದ. "ಹೇಳವ್ವ ಸಾವಂತ್ರಿ! ಜೋರಾಗಿ ಅವರ ಹೆಸರು ಹೇಳು!"

ಸಾವಂತ್ರಿ ಬಾಯಿ ತೆರೆದಳು. "ಅ..."

ಅಷ್ಟೇ. ಬೆಳಿಗ್ಗೆ ತಾನೇ ಸಿಟ್ಟಿನಿಂದ ಕೂಗಿದ್ದ ಹೆಸರು, ಈಗ ನಾಲಗೆಯ ಮೇಲೆ ಬರಲೊಲ್ಲದು! ಸೆರಗು ತಾನಾಗಿ ಬಾಯಿಗೆ ಹೋಯಿತು.

"ಇವರು..." ಎಂದಳು, ನೆಲ ನೋಡುತ್ತ.

ಕಟ್ಟೆಯ ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡನ ಹೆಸರು ಹೇಳಬಾರದೆಂಬ ಪದ್ಧತಿ ಯಾರಿಗೆ ಗೊತ್ತಿಲ್ಲ? ಮಂದಗಿವಿಯ ರಂಗವ್ವನಿಗೇ ಎಲ್ಲರಿಗಿಂತ ಮೊದಲು ತಿಳಿಯಿತು!

"ಅಯ್ಯ ಇವಳ! ಹೆಸರ ಹೇಳವಲ್ಲಳಲ್ಲವಾ! ಪಾಂಡಪ್ಪಣ್ಣ, ನಿನ್ನ ಮೊಮ್ಮಗಳು ಗಂಡನ್ನ ಗೊತ್ತ ಮಾಡ್ಕೊಂಡಾಳೋ!"

"ಒಡಪು ಹಾಕಿ ಹೇಳಲಿ! ಒಡಪು!" ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸಲು ಹೆಂಗಸರೆಲ್ಲ ಮುತ್ತಿಕೊಂಡರು.

ಸಾವಂತ್ರಿ ಮುತ್ಯಾನನ್ನು ನೋಡಿದಳು. ಮುದುಕ ಬೊಚ್ಚುಬಾಯಿ ತುಂಬ ನಗುತ್ತ ತಲೆಯಾಡಿಸಿದ. ಅವಳು ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು.

"ಇಳಕಲ್ಲ ಸೀರಿಗಿ ಒಪ್ಪೂದು ಗುಳೇದಗುಡ್ಡದ ಖಣ,
ಅಮಸಿದ್ದಪ್ಪನವರಿಗಿ ಒಪ್ಪೂದು ಖರೇ ಹೇಳೂ ಗುಣ!"

ಕೇಕೆಯೋ ಕೇಕೆ! ಆ ಗದ್ದಲದಲ್ಲಿ ಅಮಸಿದ್ದಪ್ಪ ಮೆಲ್ಲಗೆ ಅವಳ ಪಕ್ಕ ಬಂದು ನಿಂತ.

"ಸಾವಂತ್ರಿ... ನನ್ನ ಕಡೆ ಈಗ ನೌಕರಿ ಇಲ್ಲ. ವಿಚಾರ ಮಾಡಿ ಹೇಳಿದಿ?"

"ನಾ ವಿಚಾರ ಮಾಡೂದರಾಗss ನಾಲಿಗಿ ನಿಂತುಬಿಡ್ತು. ಇನ್ನ ನಿಮ್ಮ ಹೆಸರು ಹಿಡದು ಕರಿಯಾಕ ನನಗ ಆಗೂದಿಲ್ಲ."

"ಮತ್ತ ಚಾ ಆರಿದ್ರ ಹೆಂಗ ಕರೀತಿ?"

ಅವಳು ಸೆರಗಿನೊಳಗೇ ನಕ್ಕು, ಅವನಿಗೊಬ್ಬನಿಗೇ ಕೇಳುವಂತೆ ಕರೆದಳು.

"ರೀ..."

"ಓ..." ಎಂದ ಅವನು.